ಅಜ್ಜನ ಮನೆ ಇನ್ನೂ ದ್ವೀಪನಾ?

ಈ ಸಲ ನಮ್ಮ ಸಂಘದ ರಾಜ್ಯೋತ್ಸವದ ಬಗ್ಗೆ ಬರೆಯಬೇಕು ಅಂತಿದ್ದೆ. ಅಷ್ಟರಲ್ಲಿ ನನ್ನ ಮಗ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆಯ ವಿಡಿಯೋ ನೋಡುತ್ತಾ, "ಅಮ್ಮಾ, ಸೇತುವೆ ಬಂತಲ್ಲ, ಅಜ್ಜನ ಮನೆ ಇನ್ನೂ ದ್ವೀಪನಾ?" ಅಂದ. ಕಾವಲಿ ಮೇಲಿದ್ದ ದೋಸೆ ಸೀದುಹೋಯಿತು.

2025ರ ಜುಲೈ 14ಕ್ಕೆ ಈ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದಾಗ ನಾನು ಇಲ್ಲಿ ಕೂತು ಕಣ್ಣು ಒರೆಸಿಕೊಂಡಿದ್ದೆ. ಖುಷಿಗಲ್ಲ, ಲಾಂಚ್ ಹೋಯ್ತಲ್ಲ ಅಂತ. ಬಸ್ಸು, ಜೀಪು, ಅಡಿಕೆ ಮೂಟೆ, ಮದುವೆ ದಿಬ್ಬಣ ಎಲ್ಲ ಒಟ್ಟಿಗೆ ಹೊಳೆ ದಾಟುತ್ತಿದ್ದುದು, ನೀರಿನ ಮಧ್ಯೆ ನಿಂತ ಒಣಮರದ ಬೊಡ್ಡೆಗಳು... ಅದನ್ನೇ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. "ನಿಂಗೆ ಲಾಂಚ್ ಬೇಕಾ? ಬಾ, ಒಂದು ಮಳೆಗಾಲ ಇದ್ದು ನೋಡು" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಯ್ಯನ್ನ ಕರ್ಕೊಂಡು ಹೋಗಿದ್ದು ಮರೆತ್ಯಾ?" ಅಂತ ಕೇಳಿದರು.

ಮರೆತಿಲ್ಲ. ಆಗ ನನಗೆ ಹನ್ನೊಂದು ವರ್ಷ. ರಾತ್ರಿ ಊಟಕ್ಕೆ ಕೂತಿದ್ದ ಅಜ್ಜನ ಕೈಯಿಂದ ತುತ್ತು ಜಾರಿತು. ಬಾಯಿ ಒಂದು ಕಡೆ ವಾಲಿತು. ಕೊನೆ ಲಾಂಚ್ ಹೋಗಿ ಎಷ್ಟೋ ಹೊತ್ತಾಗಿತ್ತು. ಹೊಸನಗರದ ಕಡೆಯಿಂದ ಸುತ್ತಿ ಹೋಗೋಣ ಅಂದರೆ ದಾರಿಯಲ್ಲಿ ಮರ ಬಿದ್ದಿದೆ ಅಂದರು. ಆದರೂ ಜೀಪಿನಲ್ಲಿ ಹಾಸಿಗೆ ಹಾಸಿ ದಡಕ್ಕೆ ತಂದೆವು. ಆಚೆ ದಡದಲ್ಲಿ ಒಂದು ಲೈಟು ಕಾಣುತ್ತಿತ್ತು. ದೊಡ್ಡಪ್ಪ ಟಾರ್ಚ್ ಬೀಸಿದರು, ಕೂಗಿದರು. ಮಳೆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅಜ್ಜಿ ಬೆಳಗಿನವರೆಗೂ ಅಜ್ಜನ ಎಡಗೈ ತಿಕ್ಕುತ್ತಲೇ ಇದ್ದರು. ಮೊದಲ ಲಾಂಚಿನಲ್ಲಿ ದಾಟಿ ಸಾಗರ ಪೇಟೆ ಮುಟ್ಟಿದಾಗ ಡಾಕ್ಟರು ಕೇಳಿದ್ದು ಒಂದೇ: "ರಾತ್ರಿಯೇ ಯಾಕೆ ತರಲಿಲ್ಲ?" ಅಜ್ಜ ಆಮೇಲೆ ಒಂಬತ್ತು ವರ್ಷ ಬದುಕಿದರು. ಎಡಗೈ ಮಾತ್ರ ಮತ್ತೆ ಏಳಲಿಲ್ಲ.

ಆ ಹೊಳೆ ಅಲ್ಲಿ ಅಷ್ಟಗಲ ಮೊದಲಿನಿಂದ ಇದ್ದದ್ದಲ್ಲ. 1948ರ ಹೊತ್ತಿಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಆ ಹಳೆಯದನ್ನೇ ಮುಳುಗಿಸಿತು. ಬೇಸಿಗೆಯಲ್ಲಿ ನೀರು ಪೂರಾ ಇಳಿದರೆ ಹಳೇ ಕಟ್ಟೆ ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಎರಡೂ ಸಲ ಮನೆ ಬಿಟ್ಟು ಎದ್ದವರಿದ್ದಾರೆ. ನಮ್ಮವರು ಎರಡನೇ ಸಲಕ್ಕೆ ಸಿಕ್ಕವರು. ತೋಟ ಬಿಟ್ಟು ಗುಡ್ಡ ಹತ್ತಿದರು. ಶರಾವತಿಯ ಕರೆಂಟು ತಂತಿ ಹಿಡಿದು ಬೆಂಗಳೂರಿಗೆ ಹೋಯಿತು, ಎಷ್ಟೋ ಮುಳುಗಡೆ ಊರುಗಳಲ್ಲಿ ಮಾತ್ರ ವರ್ಷಗಟ್ಟಲೆ ಚಿಮಣಿ ದೀಪವೇ ಗತಿಯಾಗಿತ್ತು. ಕಾಡಿನಲ್ಲಿ ನೆಲೆ ಸಿಕ್ಕವರು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಅಭಿವೃದ್ಧಿ ಆಯಿತು, ಸುಳ್ಳಲ್ಲ. ನಾನು ಓದಿದ್ದೂ ಬೆಂಗಳೂರಿನ ಆ ಲೈಟಿನ ಕೆಳಗೇ. ಆದರೆ ಅದಕ್ಕೆ ಜಾಗ ಕೊಟ್ಟವರಿಗೆ ಸುಮಾರು 2.4 ಕಿಲೋಮೀಟರಿನ ಒಂದು ಸೇತುವೆ ಬರಲು ಅರವತ್ತು ವರ್ಷ ಬೇಕಾಯಿತು. ಈಗ ಅದೇ ಕಣಿವೆಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪ್ ಮಾಡಿ, ಮತ್ತೆ ಇಳಿಸಿ ಕರೆಂಟು ತೆಗೆಯುವ) ಯೋಜನೆಯ ಗಲಾಟೆ. ಮೊದಲ ಲೆಕ್ಕವೇ ಚುಕ್ತಾ ಆಗಿಲ್ಲ, ಅಲ್ವಾ?

ಹೋದ ವಾರ ದೊಡ್ಡಪ್ಪ ಸೇತುವೆ ಮಧ್ಯೆ ಜೀಪು ನಿಲ್ಲಿಸಿ ಕೆಳಗೆ ಇಣುಕಿದರಂತೆ. "ನಮ್ಮ ತೋಟ ಇದೇ ಅಂದಾಜಿಗೆ ಬರ್ತದೆ" ಅಂದರು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರಂತೆ.

ಪುಟ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಸಂಜೆ 4ಕ್ಕೆ, 5ಕ್ಕಲ್ಲ. ಮಕ್ಕಳ ಹಾಡು, ಛದ್ಮವೇಷಕ್ಕೆ ಹೆಸರು ಬುಧವಾರದೊಳಗೆ ಕೊಡಿ. ಬಿಸಿಬೇಳೆಬಾತ್ 200 ಜನಕ್ಕೆ, ಬಡಿಸಲು ಇನ್ನೂ ಆರು ಜನ ಬೇಕು. ಕನ್ನಡ ತರಗತಿಯ ಮೇಷ್ಟ್ರು ಊರಿಗೆ ವಾಪಸ್ ಹೊರಟಿದ್ದಾರೆ, ಭಾನುವಾರ ಒಂದು ಗಂಟೆ ಬಿಡುವಿರುವವರು ದಯವಿಟ್ಟು ಮುಂದೆ ಬನ್ನಿ. ಈ ಪತ್ರಿಕೆಯ ಪ್ರೂಫ್ ನೋಡಲೂ ಒಬ್ಬರು ಬೇಕು. ಮೂರು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ನಿಜವಾಗಿ ಸಾಕಾಗಿದೆ.

ಮಗನ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಗಣೇಶ ಹಬ್ಬದಲ್ಲಿ ಸಂಘದ ದೊಡ್ಡ ಕೊಳದಪ್ಪಲೆ ಒಯ್ದವರು ಅದನ್ನು ಶುಕ್ರವಾರದೊಳಗೆ ತಂದುಕೊಡಿ.