ಬಿಯಾಸ್ ರಾಫ್ಟಿಂಗ್ ದೂರು: ನಿಮ್ಮ ಉತ್ತರ ನಮಗೆ ಒಪ್ಪಿಗೆಯಿಲ್ಲ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ಕುಲು-ಮನಾಲಿ ಪ್ಯಾಕೇಜ್‌ನ ರಾಫ್ಟಿಂಗ್‌ನಲ್ಲಿ ನಡೆದ ನಿರ್ಲಕ್ಷ್ಯದ ಬಗ್ಗೆ

ಮಾನ್ಯರೆ,

ಮೇ ತಿಂಗಳಲ್ಲಿ ನಿಮ್ಮ ಪ್ಯಾಕೇಜ್‌ನಲ್ಲಿ ಹೋದಾಗ ನನ್ನ ತಮ್ಮ ರಾಫ್ಟ್‌ನಿಂದ ಬಿಯಾಸ್ ನದಿಗೆ ಬಿದ್ದ. ಈ ಬಗ್ಗೆ ಫೋನಿನಲ್ಲಿ ದೂರು ಕೊಟ್ಟಿದ್ದೆ. ಅದಕ್ಕೆ ಬಂದ ಇಮೇಲ್‌ನಲ್ಲಿ ನೀವು ಹೇಳಿದ್ದಿಷ್ಟು: ಲೈಫ್ ಜಾಕೆಟ್ ಕೊಟ್ಟಿದ್ದೆವು, ಅವರಿಗೆ ಈಜು ಬರುತ್ತಿತ್ತು, ಎರಡೇ ನಿಮಿಷದಲ್ಲಿ ಮೇಲೆತ್ತಿದೆವು. ಜೊತೆಗೆ ಮುಂದಿನ ಪ್ರವಾಸಕ್ಕೆ ಒಂದು ರಿಯಾಯಿತಿ ಕೂಪನ್. ಕೂಪನ್ ನೀವೇ ಇಟ್ಟುಕೊಳ್ಳಿ.

ಜಾಕೆಟ್ ಕೊಟ್ಟಿದ್ದು ನಿಜ. ಅದರ ಪಕ್ಕದ ಬಕಲ್ ಮುರಿದಿತ್ತು. ಪಿರ್ಡಿಯಲ್ಲಿ ರಾಫ್ಟ್ ಹತ್ತುವಾಗ ತೋರಿಸಿದರೆ ನಿಮ್ಮ ಕಡೆಯವರು ಹಗ್ಗದಲ್ಲಿ ಕಟ್ಟಿ 'ಚಲೇಗಾ' ಅಂದರು. ತಮ್ಮ ನೀರಿಗೆ ಬಿದ್ದ ಕೂಡಲೇ ಹಗ್ಗ ಸಡಿಲವಾಗಿ ಜಾಕೆಟ್ ಕಿವಿಯವರೆಗೆ ಏರಿತು, ಬಾಯಿ ನೀರಿನಲ್ಲೇ ಉಳಿಯಿತು. ಹತ್ತುವ ಮೊದಲು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿದ್ದರೆ ಸಾಕಿತ್ತು, ಜಾಕೆಟ್ ಸರಿಯಾಗಿ ಕೂತಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಯಾರೊಬ್ಬರ ಜಾಕೆಟ್ಟನ್ನೂ ಹಾಗೆ ನೋಡಲಿಲ್ಲ.

ಇನ್ನು ಈಜು. ತಮ್ಮ ಚಿಕ್ಕಂದಿನಿಂದ ಬಸವನಗುಡಿಯ ಈಜುಕೊಳದಲ್ಲಿ ಪಳಗಿದವನು. ಆದರೂ ಒಂದು ಕೈ ಬೀಸಲು ಅವನಿಂದ ಆಗಲಿಲ್ಲ. ಏದುಸಿರು ಬಿಡುತ್ತಾ ನೀರು ಕುಡಿಯುತ್ತಿದ್ದ. ಹಿಮ ಕರಗಿ ಬಂದ ನೀರಿಗೆ ದಿಢೀರನೆ ಬಿದ್ದರೆ ಯಾರಿಗಾದರೂ ಹಾಗೇ ಆಗುತ್ತದೆ. ಉಸಿರು ತಾನಾಗಿಯೇ ಜೋರಾಗಿ ಒಳಗೆಳೆದುಕೊಳ್ಳುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದಕ್ಕೆ 1-10-1 ಎಂಬ ಲೆಕ್ಕ ಕೊಟ್ಟಿದ್ದಾರೆ. ಉಸಿರು ಹತೋಟಿಗೆ ಬರಲು 1 ನಿಮಿಷ. ಅದಾದ ಮೇಲೆ ಕೈಕಾಲು ಕೆಲಸ ಮಾಡುವುದು ಸುಮಾರು 10 ನಿಮಿಷ ಮಾತ್ರ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಅಂದರೆ ನೀವು 'ಎರಡೇ ನಿಮಿಷ' ಅಂತ ಹಗುರವಾಗಿ ಬರೆದಿದ್ದೀರಲ್ಲ, ಅದರಲ್ಲೇ ಆ ಮೊದಲ ನಿಮಿಷವೂ ಇದೆ. ಆಗ ಬಾಯನ್ನು ನೀರಿನಿಂದ ಮೇಲೆ ಹಿಡಿಯಬೇಕಾದದ್ದು ಜಾಕೆಟ್ಟೇ ಅಲ್ವಾ?

ಇದನ್ನೆಲ್ಲ ಮೊದಲೇ ಹೇಳುವುದು ನಿಮ್ಮ ಕೆಲಸವಾಗಿತ್ತು. ಬುಕಿಂಗ್ ಮಾಡುವಾಗ ನಿಮ್ಮ ಸಿಬ್ಬಂದಿ "ದಾಂಡೇಲಿಯಲ್ಲಿ ಮಾಡಿದ್ದೀರಲ್ಲ ಮೇಡಂ, ಇದೂ ಹಾಗೇ" ಅಂದಿದ್ದರು. ಹಾಗೇ ಹೇಗಾಗುತ್ತದೆ? ಕಾಳಿಯಲ್ಲಿ ಹರಿಯುವುದು ನಮ್ಮ ಕಾಡಿನ ಮಳೆನೀರು. ಬಿಯಾಸ್ ಬರುವುದು ರೋಹ್ತಾಂಗ್ ಕಡೆಯ ಹಿಮದಿಂದ. ಹೋಗಲಿ, ಬೆಳಗ್ಗೆಗೆ ನಿಗದಿಯಾಗಿದ್ದ ರಾಫ್ಟಿಂಗನ್ನು ಸುಮ್ನೆ ಸಂಜೆಗೆ ತಳ್ಳಿದಿರಿ. ಬಿಸಿಲಿಗೆ ಮೇಲೆ ಹಿಮ ಜಾಸ್ತಿ ಕರಗಿ, ಇಂಥ ನದಿಗಳಲ್ಲಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ. ಜೀನ್ಸ್ ಹಾಕಬೇಡಿ ಅಂತಲೂ ಯಾರೂ ಹೇಳಲಿಲ್ಲ. ಒದ್ದೆ ಹತ್ತಿ ಬಟ್ಟೆ ಮೈಬಿಸಿಯನ್ನು ಹೀರುತ್ತದೆ.

ಮೇಲೆತ್ತಿದ ನಂತರದ್ದು ಇನ್ನೂ ಚೆನ್ನಾಗಿದೆ. ಒಣ ಟವೆಲ್ ಇರಲಿಲ್ಲ, ಕಂಬಳಿ ಇರಲಿಲ್ಲ. ಗೈಡ್ ರಮ್ ಬಾಟಲಿ ಚಾಚಿದರು! ರಮ್ ಕುಡಿದರೆ ಚರ್ಮದ ರಕ್ತನಾಳ ಹಿಗ್ಗಿ, ಉಳಿದ ಬಿಸಿಯೂ ಹೊರಗೆ ಹೋಗುತ್ತದೆ. ನಡುಗುತ್ತಿದ್ದವನನ್ನು ಒದ್ದೆ ಬಟ್ಟೆಯಲ್ಲೇ ತೆರೆದ ಜೀಪಿನಲ್ಲಿ ಕೂರಿಸಿ ಹೋಟೆಲಿಗೆ ಕಳಿಸಿದರು. ಆ ರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು.

ಹಿಮಾಚಲದಲ್ಲಿ ರಾಫ್ಟಿಂಗ್‌ಗೆ 2005ರಿಂದಲೇ ನಿಯಮಗಳಿವೆ. ರಾಫ್ಟಿಂಗ್ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿರಬೇಕು. ಅಲ್ಲಿ ರಾಫ್ಟಿಂಗ್ ನಡೆಸಿದ ನಿಮ್ಮ ಏಜೆಂಟ್‌ನ ನೋಂದಣಿ ಸಂಖ್ಯೆ ಕೇಳಿದ್ದೆ. ಉತ್ತರದಲ್ಲಿ ಅದರ ಸುದ್ದಿಯೇ ಇಲ್ಲ. ಹತ್ತುವ ಮೊದಲು ಹಿಂದಿಯಲ್ಲಿದ್ದ ಫಾರಂಗೆ ಸಹಿ ಹಾಕಿಸಿಕೊಂಡಿರಿ, ಓದಲು ಬಿಡಲಿಲ್ಲ. 'ಏನಾದರೂ ಆದರೆ ನಾವು ಹೊಣೆಯಲ್ಲ' ಎಂಬ ಆ ಕಾಗದ ಮುರಿದ ಬಕಲ್ಲಿಗೆ ನೆಪವಾಗುವುದಿಲ್ಲ.

ರಾಫ್ಟಿಂಗ್ ಹಣ ಮತ್ತು ಆಸ್ಪತ್ರೆ ಖರ್ಚು ವಾಪಸ್ ಕೊಡಿ. ಏಜೆಂಟ್‌ನ ಹೆಸರು, ನೋಂದಣಿ ಸಂಖ್ಯೆ ಬರವಣಿಗೆಯಲ್ಲಿ ತಿಳಿಸಿ. ಆ ಜಾಕೆಟ್‌ಗಳನ್ನು ಬದಲಾಯಿಸುವವರೆಗೆ ಅವರ ಬಳಿ ಇನ್ನೊಂದು ತಂಡವನ್ನು ಕಳಿಸಬೇಡಿ. ನನಗೆ ಹಣಕ್ಕಿಂತ ಇದು ಮುಖ್ಯ. 15 ದಿನದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಹಗ್ಗ ಕಟ್ಟಿದ ಜಾಕೆಟ್‌ನ ಫೋಟೊ, ಆಸ್ಪತ್ರೆ ಬಿಲ್, ಬುಕಿಂಗ್ ರಸೀದಿ ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕಿ,
ಬಸವನಗುಡಿ, ಬೆಂಗಳೂರು