ಪುಟ್ಟೀ, ಇನ್ನು ಟಚ್‌ಅಪ್‌ಗೆ ಹೋಗಬೇಡ

ಉಡುಪಿ
ಮೇ ತಿಂಗಳ ಕೊನೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನೆ ನಿನ್ನಮ್ಮ ಫೋನ್ ಮಾಡಿದ್ದಳು. "ಅಕ್ಕಾ, ಇವಳು ಕೂದಲು ಪೂರಾ ಕತ್ತರಿಸ್ತಾಳಂತೆ, ನೀನಾದ್ರೂ ಸ್ವಲ್ಪ ಹೇಳು" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ. ಸ್ಟ್ರೈಟನಿಂಗ್ ಬಿಟ್ಟು ನಿನ್ನ ಗುಂಗುರು ಕೂದಲನ್ನೇ ಬೆಳೆಸುತ್ತೇನೆ ಅಂತ ನೀನು ಹೊರಟಿದ್ದೀಯಲ್ಲ, ನನಗೆ ತುಂಬಾ ಖುಷಿಯಾಯಿತು ಮಾರಾಯ್ತಿ. ಆದರೆ ದಾರಿ ಉದ್ದ ಇದೆ. ಅದನ್ನು ಮೊದಲೇ ತಿಳಿದುಕೊಂಡು ಹೊರಡು.

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವಳು ನಾನು, ಸ್ವಲ್ಪ ಪಾಠ ಕೇಳಲೇಬೇಕು. ಕೂದಲು ಅಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳ ನಡುವೆ ಏಣಿಯ ಮೆಟ್ಟಿಲುಗಳ ಹಾಗೆ ಗಂಧಕದ ಕೊಂಡಿಗಳಿರುತ್ತವೆ. ಗುಂಗುರು ನಿಲ್ಲುವುದಕ್ಕೆ ಅವುಗಳ ಆಧಾರ ಬೇಕು. ನಿನಗೆ ಪಾರ್ಲರಿನಲ್ಲಿ ಮೊದಲು ಹಚ್ಚಿದ ಕ್ರೀಮು ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು ಅಂದಿದ್ದೆ ಅಲ್ವಾ? ಅಂಥ ಕ್ರೀಮಿನಲ್ಲಿ ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೊಲೇಟ್ ಇರುತ್ತದೆ. ಅದು ಕೊಂಡಿಗಳನ್ನು ಬಿಡಿಸುತ್ತದೆ. ಬಿಸಿ ಮೆಷಿನ್ ಕೂದಲನ್ನು ನೇರ ಎಳೆಯುತ್ತದೆ. ಕೊನೆಗೆ ಹಚ್ಚುವ ಹೈಡ್ರೋಜನ್ ಪೆರಾಕ್ಸೈಡ್ ಆ ನೇರ ರೂಪದಲ್ಲೇ ಕೊಂಡಿಗಳನ್ನು ಮತ್ತೆ ಕಟ್ಟುತ್ತದೆ. ಅಮೆರಿಕದ ಕಪ್ಪು ಹೆಂಗಸರು ಕೂದಲು ನೇರ ಮಾಡಲು ತಲೆಮಾರುಗಳಿಂದ ಬಳಸಿದ ರಿಲ್ಯಾಕ್ಸರ್ ಎಂಬ ಕ್ರೀಮುಗಳಲ್ಲಿ ಹಲವಕ್ಕೆ ಸೋಡಿಯಂ ಹೈಡ್ರಾಕ್ಸೈಡೇ ಮೂಲ. ಅಂದರೆ ಕಾಸ್ಟಿಕ್ ಸೋಡಾ. ಪಿಎಚ್ 12ರ ಮೇಲೆ, ಅಂದರೆ ತಲೆಯ ಚರ್ಮ ಸುಡುವಷ್ಟು ತೀಕ್ಷ್ಣ ಕ್ಷಾರ. ನಿನ್ನ ಹಾಗೆ ಥಯೋಗ್ಲೈಕೊಲೇಟ್ ಕ್ರೀಮು ಹಚ್ಚಿದ ಕೂದಲಿಗೆ ಇದನ್ನು ಹಚ್ಚಿದರೆ ಕೂದಲು ತುಂಡುತುಂಡಾಗಿ ಕೈಗೆ ಬರುತ್ತದೆ. ಯಾವತ್ತೂ ಆ ಕೆಲಸ ಮಾಡಬೇಡ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಒಮ್ಮೆ ನೇರ ಮಾಡಿದ ಕೂದಲು ಗುಂಗುರಾಗಿ ವಾಪಸ್ ಬರುವುದಿಲ್ಲ. ಯಾವ ಎಣ್ಣೆಯೂ, ಯಾವ ಸೀರಮ್ಮೂ ತರುವುದಿಲ್ಲ. ತರುತ್ತೇನೆ ಅಂದವರ ಕೈಗೆ ದುಡ್ಡು ಕೊಡಬೇಡ. ಬುಡದಿಂದ ಹೊಸದಾಗಿ ಬರುವುದು ಮಾತ್ರ ನಿನ್ನ ಗುಂಗುರು. ಅದು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ, ವರ್ಷಕ್ಕೆ ಹೆಚ್ಚುಕಮ್ಮಿ 15 ಸೆಂಟಿಮೀಟರ್. ಸುರುಳಿ ಸುತ್ತಿಕೊಳ್ಳುವುದರಿಂದ ಕಣ್ಣಿಗೆ ಅಷ್ಟೂ ಕಾಣುವುದಿಲ್ಲ. ಆರು ತಿಂಗಳಿಗೆ "ಏನೂ ಬೆಳೆದಿಲ್ಲ" ಅಂತ ಅಳಬೇಡ. ಒಂದು ಸುರುಳಿ ಹಿಡಿದು ಎಳೆದು ನೋಡು.

ಒಂದೇ ಸಲ ಕತ್ತರಿಸುವುದೋ, ತುದಿ ತುದಿ ಕತ್ತರಿಸುತ್ತಾ ಕಾಯುವುದೋ? ನನ್ನನ್ನು ಕೇಳಿದರೆ ಮೂರು ನಾಲ್ಕು ತಿಂಗಳು ಕಾದು, ಬುಡದ ಗುಂಗುರು ಬೆರಳಿಗೆ ಸಿಗುವಷ್ಟಾದ ಮೇಲೆ ಕತ್ತರಿಸು. ಎರಡು ಥರದ ಕೂದಲನ್ನು ವರ್ಷಗಟ್ಟಲೆ ಹೊತ್ತು ತಿರುಗುವುದು ಕಷ್ಟದ ಕೆಲಸ. ಚಿಕ್ಕ ಕೂದಲು ನಿನ್ನ ಮುಖಕ್ಕೆ ಒಪ್ಪುತ್ತದೆ. ಆದರೂ ನಿನಗೆ ಧೈರ್ಯ ಬಾರದಿದ್ದರೆ ಕಾಯಿ, ಅದರಲ್ಲಿ ತಪ್ಪಿಲ್ಲ.

ಕಾಯುವಷ್ಟು ದಿನ ಜೋಪಾನ ಮಾಡಬೇಕಾದದ್ದು ಹೊಸದೂ ಹಳೆಯದೂ ಸೇರುವ ಜಾಗ. ಒಂದು ಕೂದಲನ್ನು ಬೆಳಕಿಗೆ ಹಿಡಿದು ನೋಡು. ಮೇಲೆ ದಪ್ಪಗೆ, ಅಲೆ ಅಲೆಯಾಗಿ ಬಂದದ್ದು ಒಂದು ಕಡೆ ಥಟ್ಟನೆ ಸಪಾಟಾಗುತ್ತದೆ. ಅಲ್ಲೇ ತುಂಡಾಗುವುದು. ಒಣ ಕೂದಲನ್ನು ಬಾಚಬೇಡ. ತಲೆಗೆ ನೀರು ಹಾಕಿ, ಕಂಡೀಷನರ್ ಹಚ್ಚಿ, ಮೊದಲು ಬೆರಳಿನಲ್ಲಿ ಸಿಕ್ಕು ಬಿಡಿಸು. ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಮೇಲೆ ಮೇಲೆ ಬಾ. ಬೈರಾಸಿನಲ್ಲಿ ಗಸಗಸ ಉಜ್ಜುವ ಅಭ್ಯಾಸ ಬಿಡು, ಹಳೆ ಹತ್ತಿ ಸೀರೆಯ ತುಂಡಿನಲ್ಲಿ ಒತ್ತಿ ನೀರು ತೆಗೆ. ಬಿಸಿ ಮೆಷಿನ್ ಯಾರಿಗಾದರೂ ಕೊಟ್ಟುಬಿಡು, ಜಾಸ್ತಿ ಬಿಸಿಯಾದರೆ ಹೊಸ ಗುಂಗುರೂ ಕೆಡುತ್ತದೆ.

ಎಣ್ಣೆ ಯಾವುದು ಅಂತ ಕೇಳಿದ್ದೆ. ನಮ್ಮ ತೆಂಗಿನೆಣ್ಣೆಯೇ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು. ಕೂದಲಿನ ಪ್ರೋಟೀನು ಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಒಂದೇ. ತಲೆಸ್ನಾನಕ್ಕೆ ಮೊದಲು ಕೂದಲಿನ ಉದ್ದಕ್ಕೂ ಹಚ್ಚು. ತಲೆಯಲ್ಲಿ ಹೊಟ್ಟಿದ್ದರೆ ಬುಡಕ್ಕೆ ಎಣ್ಣೆ ಸುರಿದು ದಿನಗಟ್ಟಲೆ ಬಿಡಬೇಡ, ಅದು ಇನ್ನೂ ಜಾಸ್ತಿಯಾಗುತ್ತದೆ.

ಇನ್ನೇನು ಮಳೆ ಶುರುವಾಗುತ್ತದೆ. ಮಂಗಳೂರಿನ ಜೂನ್ ತಿಂಗಳ ತೇವಕ್ಕೆ ಬುಡದ ಕೂದಲು ಕೆದರಿ ನಿಲ್ಲುತ್ತದೆ, ಕೆಳಗಿನದು ಜೋತು ಬೀಳುತ್ತದೆ. ಕನ್ನಡಿ ನೋಡಿದರೆ ಬೇಜಾರಾಗುತ್ತದೆ. ಬುಡದ ಹೊಸ ಕೂದಲನ್ನೂ ನೇರ ಮಾಡಿಸುವ ಟಚ್‌ಅಪ್‌ಗೆ ಓಡಬೇಕು ಅಂತ ಮನಸ್ಸಾಗುವುದು ಆಗಲೇ. ಸಡಿಲವಾಗಿ ಜಡೆ ಹಾಕು, ಇಲ್ಲ ತುರುಬು ಕಟ್ಟು. ಒದ್ದೆ ಕೂದಲನ್ನು ಮಾತ್ರ ಬಿಗಿದು ಕಟ್ಟಿಕೊಂಡು ಆಫೀಸಿಗೆ ಹೋಗಬೇಡ.

ಪಾರ್ಲರಿನವರು ಆಗ "ಕೂದಲು ನೇರ ಆಗೋಕೆ ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಿ ಮೇಡಂ, ಅದ್ರಲ್ಲಿ ಕೆಮಿಕಲ್ ಇಲ್ಲ" ಅನ್ನಬಹುದು. ನಂಬಬೇಡ ಪುಟ್ಟಿ. ಅಂಥ ಹಲವು ಉತ್ಪನ್ನಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದು ಕ್ಯಾನ್ಸರ್ ತರುವ ವಸ್ತು. 2022ರಲ್ಲಿ ಅಮೆರಿಕದಲ್ಲಿ 33 ಸಾವಿರಕ್ಕೂ ಜಾಸ್ತಿ ಹೆಂಗಸರ ಮೇಲೆ ನಡೆದ ಅಧ್ಯಯನವೊಂದು ಹೊರಗೆ ಬಂತು. ಕೂದಲು ನೇರ ಮಾಡುವ ಉತ್ಪನ್ನ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡಾ 1.64, ವರ್ಷಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬಳಸಿದವರಲ್ಲಿ ಶೇಕಡಾ 4.05 ಎಂದು ಅದರಲ್ಲಿ ಅಂದಾಜು ಮಾಡಿದ್ದರು. ಇವೇ ಕಾರಣ ಅಂತ ಅದು ಸಾಬೀತು ಮಾಡಿಲ್ಲ. ನೀನು ಇಷ್ಟು ವರ್ಷ ಮಾಡಿಸಿದ್ದಕ್ಕೆ ಈಗ ಹೆದರಿ ಕೂರಬೇಕಾಗಿಯೂ ಇಲ್ಲ. ಆದರೆ ಸುಮ್ನೆ ಯಾಕೆ ಮುಂದುವರಿಸಬೇಕು?

ಜನರ ಮಾತು ಬಂದೇ ಬರುತ್ತದೆ. "ಕೂದಲು ಸ್ವಲ್ಪ ಸರಿ ಮಾಡ್ಕೋ" ಅನ್ನುತ್ತಾರೆ, ಇಂಟರ್‌ವ್ಯೂಗೆ "ನೀಟಾಗಿ ಬನ್ನಿ" ಅನ್ನುತ್ತಾರೆ. ಹುಟ್ಟಿದ ಕೂದಲಿನಲ್ಲಿ ಸರಿ ಇಲ್ಲದ್ದು ಏನಿದೆ? ಅಮೆರಿಕದಲ್ಲಿ ಕಪ್ಪು ಹೆಂಗಸರನ್ನು ಕೂದಲಿನ ಕಾರಣಕ್ಕೆ ಕೆಲಸದಲ್ಲೂ ಶಾಲೆಯಲ್ಲೂ ಎಷ್ಟು ಗೋಳು ಹೊಯ್ದುಕೊಂಡರು ಅಂದರೆ, ಅದನ್ನು ತಡೆಯಲು 2019ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನೇ ಮಾಡಬೇಕಾಯಿತು. ನಿನ್ನನ್ನು ಯಾರಾದರೂ ಹಾಗೆ ಅಂದರೆ ನೀನು ತಲೆ ತಗ್ಗಿಸಬೇಡ.

ಡಿಸೆಂಬರಿನ ಮದುವೆಯ ಚಿಂತೆ ನಿನ್ನಮ್ಮನಿಗೆ. ಚಿಕ್ಕ ಕೂದಲಿಗೆ ಹೂ ಮುಡಿಸುವುದು ಹೇಗೆ ಅಂತ ಕೇಳುತ್ತಾಳೆ. ಶಂಕರಪುರ ಮಲ್ಲಿಗೆ ನಾನು ತರಿಸುತ್ತೇನೆ. ನಿನ್ನ ನೇರ ಕೂದಲಿನಲ್ಲಿ ಕ್ಲಿಪ್ಪು ಜಾರಿ ಜಾರಿ ಹೂವು ಹೆಗಲಿಗೆ ಬರುತ್ತಿತ್ತು. ಗುಂಗುರಿನಲ್ಲಿ ಎರಡು ಕ್ಲಿಪ್ಪು ಹಾಕಿದರೆ ಸಂಜೆವರೆಗೂ ಅಲ್ಲಾಡುವುದಿಲ್ಲ. ಅಮ್ಮನ ಹತ್ತಿರ ಈ ಮಾತು ನಾನೇ ಹೇಳುತ್ತೇನೆ, ನೀನು ಜಗಳ ಮಾಡಬೇಡ.

ಕತ್ತರಿಸುವ ದಿನ ಒಬ್ಬಳೇ ಹೋಗಬೇಡ, ನಾನೂ ಬರುತ್ತೇನೆ. ಅದಕ್ಕೆ ಮೊದಲು ಒಂದು ಶನಿವಾರ ಇಲ್ಲಿಗೆ ಬಾ. ಹಿತ್ತಲಿನ ದಾಸವಾಳದ ಎಲೆ ಕಿವುಚಿ ಗೊಂಪು ಮಾಡಿಡುತ್ತೇನೆ, ತಲೆಗೆ ಮೀಯಿಸಿ ಸಿಕ್ಕು ಬಿಡಿಸುವುದನ್ನೂ ತೋರಿಸುತ್ತೇನೆ. ಬರುವ ಹಿಂದಿನ ದಿನ ಫೋನ್ ಮಾಡು.

ನಿನ್ನ
ದೊಡ್ಡಮ್ಮ