ಹೋಂಸ್ಟೇಯಲ್ಲಿ ಮನೆ ಎಲ್ಲಿ?

ಮಾನ್ಯ ಸಂಪಾದಕರೇ,

ಮಲೆನಾಡಿನ ಹೋಂಸ್ಟೇಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬರುವ ಬರಹಗಳನ್ನು ತಪ್ಪದೇ ಓದುತ್ತೇನೆ. ಈಜುಕೊಳ, ಜೀಪ್ ಸವಾರಿ, ಕ್ಯಾಂಪ್‌ಫೈರ್ ಎಲ್ಲ ಇರುತ್ತದೆ. ಮನೆಯವರು ಮಾತ್ರ ಎಲ್ಲೂ ಕಾಣುವುದಿಲ್ಲ. ಇದನ್ನು ಬರೆಯುತ್ತಿರುವ ನಾನೂ ಹೋಂಸ್ಟೇಯವಳೇ. ಮೂಡಿಗೆರೆ ಹತ್ತಿರ ತೋಟದಲ್ಲಿ ನಮ್ಮದು ನಾಲ್ಕು ರೂಮು. ಆದರೆ ಮದುವೆಗೆ ಮುಂಚೆ ಬೇರೆ ಥರದ ಹೋಂಸ್ಟೇ ಒಂದನ್ನು ನೋಡಿ ಬಂದಿದ್ದೆ.

2016ರ ಚಳಿಗಾಲದಲ್ಲಿ ಜಪಾನೀ ಭಾಷೆ ಕಲಿಯಲು ಜಪಾನಿನ ಕನಜಾವಾ ಊರಿಗೆ ಹೋಗಿ, ಆರು ವಾರ ಒಬ್ಬರ ಮನೆಯಲ್ಲಿದ್ದೆ. ಗಂಡ, ಹೆಂಡತಿ, ಎಂಬತ್ತು ದಾಟಿದ ಅಜ್ಜಿ. ಮನೆಯಾಕೆಯನ್ನು 'ಒಕಾಸಾನ್' ಅನ್ನಬೇಕಿತ್ತು, ಅಂದರೆ ಅಮ್ಮ. ಊರಲ್ಲಿ ಕೆನ್‌ರೊಕುಯೆನ್ ಎಂಬ ಹೆಸರಾಂತ ಉದ್ಯಾನವಿದೆ. ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲಿ ಅಂತ ಪೈನ್ ಮರಗಳಿಗೆ ಛತ್ರಿಯ ಕಡ್ಡಿಗಳ ಹಾಗೆ ಹಗ್ಗ ಕಟ್ಟಿರುತ್ತಾರೆ. ಫೋಟೋ ತೆಗೆದುಕೊಂಡೆ. ಅದೀಗ ಎಲ್ಲಿದೆಯೋ. ನೆನಪಿರುವುದು ಆ ಮನೆಯ ಬಚ್ಚಲು.

ಅಲ್ಲಿ ಮೊದಲು ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ಮೈ ತೊಳೆದುಕೊಳ್ಳಬೇಕು. ಆಮೇಲೆ ತೊಟ್ಟಿಯ ಬಿಸಿನೀರಿಗೆ ಇಳಿದು ಕುತ್ತಿಗೆವರೆಗೆ ಮುಳುಗಿ ಕೂರುವುದು. ಆ ನೀರು ಮನೆಮಂದಿಗೆಲ್ಲ ಒಂದೇ. ಅತಿಥಿ ಅಂತ ಮೊದಲ ದಿನ ನನ್ನನ್ನೇ ಮೊದಲು ಕಳಿಸಿದರು. ನಾನು ಸ್ನಾನ ಮುಗಿಸಿ, ಬಹಳ ಅಚ್ಚುಕಟ್ಟಿನವಳ ಹಾಗೆ, ಬಿರಡೆ ಎಳೆದು ತೊಟ್ಟಿ ಖಾಲಿ ಮಾಡಿ ಬಂದೆ! ಹೊರಗೆ ಮೂವರೂ ಸರದಿಗೆ ಕಾಯುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಮರುದಿನ ಅಜ್ಜಿ ಕೈಹಿಡಿದು ಕರೆದೊಯ್ದು ತೊಟ್ಟಿಯ ಮುಚ್ಚಳ ತೋರಿಸಿದರು. ಬಿಸಿ ಆರದಂತೆ ಮುಚ್ಚಿ ಬರಬೇಕು. ಉಳಿದ ನೀರನ್ನು ಬೆಳಿಗ್ಗೆ ಪೈಪ್ ಹಾಕಿ ವಾಷಿಂಗ್ ಮೆಷಿನ್‌ಗೆ ಎಳೆದುಕೊಳ್ಳುತ್ತಿದ್ದರು.

ನಾನು ಸಸ್ಯಾಹಾರಿ. ಮೀನು ಬೇಡ ಅಂದಿದ್ದಕ್ಕೆ ತಟ್ಟೆಯಿಂದ ಮೀನು ಹೋಯಿತು. ಆದರೆ ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಸಾರಿಗೆ ಬುಡವೇ ದಾಶಿ, ಅಂದರೆ ಒಣಮೀನು ಹೆರೆದು ಹಾಕಿ ಸೋಸಿದ ತಿಳಿ. ಅದು ನನಗೆ ಗೊತ್ತಾಗಿದ್ದು ನಾಲ್ಕನೇ ದಿನ. ಅಷ್ಟರಲ್ಲಿ ಹೊತ್ತಿಗೆ ಎರಡೆರಡು ಬಟ್ಟಲು ಕುಡಿದಾಗಿತ್ತು. (ಅಮ್ಮನಿಗೆ ಇನ್ನೂ ಹೇಳಿಲ್ಲ.) ನನಗಿಂತ ಜಾಸ್ತಿ ಬೇಜಾರಾಗಿದ್ದು ಒಕಾಸಾನ್‌ಗೆ. ಅವತ್ತಿನಿಂದ ಕೊಂಬು ಎಂಬ ಕಡಲಪಾಚಿ ನೆನೆಹಾಕಿ ನನಗೆ ಬೇರೆ ಸಾರು. ಎರಡನೇ ವಾರಕ್ಕೆ ಇಡೀ ಮನೆಗೇ ಆ ಸಾರು.

ಮನೆಯಿಂದ ಹೊರಡುವಾಗ 'ಇತ್ತೆಕಿಮಾಸ್' ಅನ್ನುತ್ತಾರೆ. ಪದಕ್ಕೆ ಪದ, ನಮ್ಮ 'ಹೋಗಿ ಬರ್ತೀನಿ'. ಒಳಗಿನಿಂದ 'ಇತ್ತೆರಾಶ್ಶಾಯ್' ಅಂತ ಕೂಗುತ್ತಾರೆ, ಹೋಗಿ ಬಾ. ಇಂಗ್ಲಿಷ್ ಪುಸ್ತಕ ಹಿಡಿದು ಇದನ್ನು ಕಲಿಯಲು ಸುಮ್ನೆ ಒದ್ದಾಡಿದ್ದೆ. ಅಜ್ಜಿ ಮೊಚಿ ಎಂಬ ಅಕ್ಕಿಯ ಉಂಡೆ ಮುಂದಿಟ್ಟು 'ತಬೆತೆ ಮಿತೆ' ಅಂದರು. ತಬೆತೆ ಅಂದರೆ ತಿಂದು, ಮಿತೆ ಅಂದರೆ ನೋಡು! ನಮ್ಮಜ್ಜಿಯೇ ಬೇರೆ ಸದ್ದಿನಲ್ಲಿ ಮಾತಾಡಿದಂತಾಯಿತು.

ಆಮೇಲೆ ಕಸ ಇಡುವ ಕೆಲಸ ನನ್ನ ಪಾಲಿಗೆ ಬಂತು. ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್‌ಗೆ ಇನ್ನೊಂದು ದಿನ, ಬಾಟಲಿಯ ಮುಚ್ಚಳ ತೆಗೆದು ಲೇಬಲ್ ಸುಲಿಯಬೇಕು. ಒಮ್ಮೆ ದಿನ ತಪ್ಪಿ ಇಟ್ಟೆ. ಚೀಲವನ್ನು ಅಲ್ಲೇ ಬಿಟ್ಟು, ಮೇಲೊಂದು ಚೀಟಿ ಅಂಟಿಸಿ ಹೋಗಿದ್ದರು. ಅದನ್ನು ವಾಪಸ್ ಹೊತ್ತು ತರುವಾಗ ಎದುರು ಮನೆಯವರು ಬಗ್ಗಿ ನಮಸ್ಕರಿಸಿದರು. ನಾಚಿಕೆಯಾಯಿತು. ಆ ಬೀದಿಯವಳೇ ಆದೆ ಅನ್ನಿಸಿದ್ದೂ ಅವತ್ತೇ.

ನಾನೂ ಶಾಲೆಯ ಮೂಲಕ ಊಟ, ವಸತಿಗೆ ದುಡ್ಡು ಕಟ್ಟಿಯೇ ಇದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಪ್ರವಾಸಿಗರಿಗೆ ಮನೆಯವರೇ ನಡೆಸುವ ವಸತಿಗೆ ಅಲ್ಲಿ 'ಮಿನ್ಶುಕು' ಎಂಬ ಬೇರೆಯೇ ಹೆಸರಿದೆ. ನಮ್ಮಲ್ಲಿ ಎಲ್ಲಕ್ಕೂ ಹೋಂಸ್ಟೇ ಅನ್ನುವುದೇ. ನಮ್ಮಲ್ಲಿಗೆ ಬರುವವರ ಮೊದಲ ಪ್ರಶ್ನೆ, ಮ್ಯೂಸಿಕ್ ಎಷ್ಟು ಗಂಟೆವರೆಗೆ ಹಾಕಬಹುದು? ಎರಡನೆಯದು, ಗೋಬಿ ಮಂಚೂರಿ ಸಿಗುತ್ತಾ? ಅತ್ತೆ ಮಾಡಿದ ಕಡುಬು, ಕಳಲೆ ಪಲ್ಯ ನಮಗೇ ಉಳಿಯುತ್ತದೆ. ತಪ್ಪು ಅವರದ್ದು ಮಾತ್ರ ಅಲ್ಲ. ರೂಮುಗಳನ್ನು ಮನೆಯಿಂದ ದೂರ, ತೋಟದ ಆ ತುದಿಗೆ ಕಟ್ಟಿದ್ದು ನಾವೇ ಅಲ್ವಾ? ಬೋರ್ಡಿನ ಮೇಲೆ 'ಪ್ರೈವೆಸಿ' ಅಂತ ಬರೆಸಿದ್ದು ಸಾಕ್ಷಾತ್ ನಾನೇ.

ಮುಂದಿನ ಸಲ ಹೋಂಸ್ಟೇ ಬಗ್ಗೆ ಬರೆಸುವಾಗ, ಅಲ್ಲಿ ಅಡುಗೆ ಮಾಡಿದವರು ಯಾರು, ಅತಿಥಿಗಳ ಜೊತೆ ಕೂತು ಉಂಡವರು ಯಾರು ಅಂತಲೂ ನಿಮ್ಮ ವರದಿಗಾರರು ಕೇಳಲಿ. ನಮ್ಮಲ್ಲೂ ಈ ಮಳೆಗಾಲ ಕಳೆದ ಮೇಲೆ ಒಂದು ರೂಮನ್ನು ಮನೆಯೊಳಗೇ ಕೊಡೋಣ ಅಂದಿದ್ದೇನೆ. ನಾವು ಮಾಡಿದ್ದೇ ಊಟ, ನಮ್ಮ ಜೊತೆಗೇ ಊಟ, ತಟ್ಟೆ ಅವರೇ ತೊಳೆದಿಡಬೇಕು. ಕನಜಾವಾದ ಬಚ್ಚಲಿನ ಕಥೆ ಕೇಳಿ ನಕ್ಕ ಅತ್ತೆ ಒಪ್ಪಿದ್ದಾರೆ. ಒಂದೇ ಷರತ್ತು: ಹಂಡೆ ಖಾಲಿ ಮಾಡಿ ಬರುವ ಹಾಗಿಲ್ಲ.

ಒಬ್ಬ ಓದುಗಿ, ಮೂಡಿಗೆರೆ ತಾಲ್ಲೂಕು
(ಹೆಸರು ಹಾಕಬೇಡಿ, ಗೆಸ್ಟ್‌ಗಳೂ ಪೇಪರ್ ಓದುತ್ತಾರೆ)